ಅಪ್‌ಡೇಟ್: ಆ ಲಾಗಿನ್ ಪುಟ ನಕಲಿ

ಹೋದ ವಾರ ಕೇಳಿದ್ದೆ: ತಂಗಿಯ ಯೂನಿವರ್ಸಿಟಿ ಮೇಲ್‌ಗೆ ‘ನಿಮ್ಮ ಖಾತೆ ಇವತ್ತೇ ಬಂದ್ ಆಗುತ್ತದೆ, ಲಾಗಿನ್ ಆಗಿ’ ಅಂತ ಲಿಂಕ್ ಬಂದಿದೆ, ನಂಬಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅದು ನಕಲಿ.

ಭಾನುವಾರ ಮಲ್ಲೇಶ್ವರದ ಮನೆಯಲ್ಲಿ ಇಬ್ಬರೂ ಕೂತು ನೋಡಿದೆವು. ಲೋಗೋ, ಬಣ್ಣ ಎಲ್ಲ ಥೇಟ್ ಅದೇ. ಪುಟದ ವಿಳಾಸದ ಪಕ್ಕ ಬೀಗದ ಗುರುತೂ ಇತ್ತು. ಆದರೆ ವಿಳಾಸದ ಶುರುವಿನಲ್ಲಿ ಮಾತ್ರ ಯೂನಿವರ್ಸಿಟಿ ಹೆಸರು. ಚುಕ್ಕಿಗಳನ್ನು ದಾಟಿ ಮೊದಲ ಓರೆಗೆರೆಯ (/) ತನಕ ಬಂದರೆ, ಕೊನೆಯಲ್ಲಿ ಬೇರೆ ಯಾವುದೋ ಹೆಸರು! ಸೈಟ್ ಯಾರದು ಅಂತ ಹೇಳುವುದು ಆ ಕೊನೆಯ ಭಾಗ. ಬೀಗದ ಗುರುತು ಇದ್ದರೆ ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅಷ್ಟೇ, ಆ ಕಡೆ ಕೂತವರು ಒಳ್ಳೆಯವರು ಅಂತಲ್ಲ. ವಿಳಾಸ ಬೇರೆಯಾದ್ದರಿಂದ ಫೋನ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕೂಡ ಅಲ್ಲಿ ತಾನಾಗಿ ತುಂಬಲಿಲ್ಲ.

ತಂಗಿ ಪಾಸ್‌ವರ್ಡ್ ಹಾಕಿರಲಿಲ್ಲ, ಪುಣ್ಯ. ಆದರೂ ಬದಲಿಸಿದೆವು. ಆ ಒಂದೇ ಪಾಸ್‌ವರ್ಡ್‌ನಿಂದ ಮೇಲ್, ಲೈಬ್ರರಿ, ಅಂಕಗಳು, ಫೀಸು ಎಲ್ಲ ತೆರೆಯುತ್ತದೆ ಅಲ್ವಾ, ನನಗೆ ಭಯ ಅದೇ. ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಬೇಕಾಗುವ, 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡ್ ಕೊಡುವ ಆ್ಯಪ್ ಕೂಡ ಹಾಕಿದೆವು. ಆ ಕೋಡನ್ನೂ ನಕಲಿ ಪುಟ ಕೇಳಿ ಆ ಕ್ಷಣವೇ ಬಳಸಬಹುದು ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಿ. ಹಾಗಾಗಿ ಅಸಲಿ ಪುಟವನ್ನು ಬುಕ್‌ಮಾರ್ಕ್ ಮಾಡಿ ಕೊಟ್ಟಿದ್ದೇನೆ. ಇನ್ನು ಮೇಲ್‌ನ ಲಿಂಕ್‌ನಿಂದ ಲಾಗಿನ್ ಇಲ್ಲ.

ಲ್ಯಾಬ್ ಕಂಪ್ಯೂಟರ್‌ನಲ್ಲಿ ಸುಮ್ನೆ ಟ್ಯಾಬ್ ಮುಚ್ಚಿ ಎದ್ದು ಬರುತ್ತಿದ್ದಳಂತೆ, ಆಗ ಲಾಗಿನ್ ಹಾಗೇ ಉಳಿಯಬಹುದು. ಈಗ ಸೈನ್ ಔಟ್ ಮಾಡಿ, ಬ್ರೌಸರನ್ನೇ ಪೂರ್ತಿ ಮುಚ್ಚಿ ಬರುತ್ತಾಳೆ.