ಸರ್ಕಾರಿ ಕಡತಗಳು ಸಾರ್ವಜನಿಕರ ಕೈಗೆ ನಿಜವಾಗಿ ಸಿಗುವುದು ಹೇಗೆ?

ಪ್ರಶ್ನೆ:
ಸರ್ಕಾರಿ ದಾಖಲೆಗಳನ್ನು ನೋಡುವ ಹಕ್ಕಿಗೆ ಸ್ವೀಡನ್ 1766ರಲ್ಲೇ ಕಾನೂನಿನ ಬಲ ಕೊಟ್ಟಿತು. ಅಮೆರಿಕ 1966ರಲ್ಲಿ, ಭಾರತ 2005ರಲ್ಲಿ ಇಂಥದೇ ಕಾಯ್ದೆ ತಂದವು. ಆದರೂ 'ಕಡತ ಲಭ್ಯವಿಲ್ಲ' ಎಂಬ ಒಂದೇ ಸಾಲಿನ ಹಿಂಬರಹದೊಂದಿಗೆ ನನ್ನ ಅರ್ಜಿ ಎರಡು ಬಾರಿ ಮರಳಿ ಬಂದಿದೆ. ಕಾನೂನು ಇದ್ದ ಮೇಲೂ ಕೊರತೆ ಎಲ್ಲಿದೆ?

ಉತ್ತರ 1:
ಕೊರತೆ ಬಹುಪಾಲು ದಾಖಲೆ ಇಡುವ ಕ್ರಮದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಕಡತಕ್ಕೆ ಸಂಖ್ಯೆ, ವಿಷಯಸೂಚಿ, ಎಷ್ಟು ವರ್ಷ ಉಳಿಸಬೇಕೆಂಬ ನಮೂದು ಇಲ್ಲದಿದ್ದರೆ, ಕೊಡುವ ಮನಸ್ಸಿರುವ ಅಧಿಕಾರಿಗೂ ಅದನ್ನು ಹುಡುಕಿ ಕೊಡಲಾಗದು. ಆದ್ದರಿಂದ ಕಡತವನ್ನಷ್ಟೇ ಕೇಳಬೇಡಿ. ಅದು ನಾಶವಾಗಿದ್ದರೆ ಯಾರ ಆದೇಶದಂತೆ, ಯಾವ ದಿನ ನಾಶಪಡಿಸಲಾಯಿತು ಎಂಬುದನ್ನು ಬರೆದಿಟ್ಟ ವಹಿಯ ಪುಟದ ನಕಲನ್ನೂ ಕೇಳಿ. ಆ ಪುಟವೂ ಇಲ್ಲವೆಂದರೆ ಮೇಲ್ಮನವಿಗೆ ಗಟ್ಟಿ ಆಧಾರ ಸಿಕ್ಕಂತೆಯೇ.

ಉತ್ತರ 2:
ಜಾಲತಾಣದಲ್ಲಿ ಹಾಕಿದ ಮಾತ್ರಕ್ಕೆ ದಾಖಲೆ ಮುಕ್ತವಾಗುವುದಿಲ್ಲ. 300 ಪುಟಗಳ ಖರ್ಚಿನ ಪಟ್ಟಿಯನ್ನು ಓರೆಯಾಗಿ ಸ್ಕ್ಯಾನ್ ಮಾಡಿ, ಬರೀ ಚಿತ್ರವಾಗಿ ಏರಿಸಿದರೆ ಅದರಲ್ಲಿ ಒಂದು ಪದವನ್ನೂ ಹುಡುಕಲು ಬರುವುದಿಲ್ಲ; ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶಕ್ಕಂತೂ ಅದು ಖಾಲಿ ಹಾಳೆ.

ಉತ್ತರ 3:
ಖಾಸಗಿ ವಿವರಗಳ ನೆಪದಲ್ಲಿ ಇಡೀ ಕಡತವನ್ನೇ ತಡೆಹಿಡಿಯುವುದನ್ನೂ ಪ್ರಶ್ನಿಸಬೇಕು. ಮರೆಮಾಡಬೇಕಾದ ಸಾಲುಗಳನ್ನಷ್ಟೇ ತೆಗೆದು ಉಳಿದದ್ದನ್ನು ಕೊಡಬಹುದು. ಆದರೆ ಪಿಡಿಎಫ್‌ನಲ್ಲಿ ಸುಮ್ಮನೆ ಕಪ್ಪು ಪಟ್ಟಿ ಎಳೆದರೆ ಕೆಳಗಿನ ಅಕ್ಷರಗಳು ಅಳಿಯುವುದಿಲ್ಲ, ನಕಲಿಸಿ ಬೇರೆಡೆ ಅಂಟಿಸಿದರೆ ಮತ್ತೆ ಕಾಣಿಸಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ವಹಿಯ ನಕಲು ಕೇಳಬಹುದೆಂಬುದು ನನಗೆ ಹೊಳೆದಿರಲಿಲ್ಲ. ಮೇಲ್ಮನವಿಯಲ್ಲಿ ಅದನ್ನು ಸೇರಿಸುತ್ತೇನೆ.