ಪೈಥಾನ್‌ನಲ್ಲಿ ‘ಕನ್ನಡ’ ಎರಡು ತುಂಡಾಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಪೈಥಾನ್ ೩ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ ಕನ್ನಡವನ್ನು ಎಷ್ಟು ಅರ್ಥ ಮಾಡಿಕೊಳ್ಳುತ್ತದೆ ಅಂತ ಟೆಸ್ಟ್ ಬರೆಯುತ್ತಿದ್ದೇನೆ. ‘೧೨’ ಕೊಟ್ಟರೆ, ಪಠ್ಯವನ್ನು ಸಂಖ್ಯೆ ಮಾಡುವ ಇಂಟ್ ಸರಿಯಾಗಿ 12 ಕೊಡುತ್ತದೆ, ಖುಷಿಯಾಯಿತು. ಆದರೆ ‘ಕನ್ನಡ’ ಪದಕ್ಕೆ ಈಸ್‌ಆಲ್ಫಾ (ಎಲ್ಲವೂ ಅಕ್ಷರಗಳೇ ಅಂತ ನೋಡುವ ಫಂಕ್ಷನ್) ಕೇಳಿದರೆ ಫಾಲ್ಸ್, ಅಂದರೆ ಅಲ್ಲ! ಉದ್ದ 5 (ಕ, ನ, ್, ನ, ಡ). ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಪದ ಹುಡುಕಲು ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಪ್ಲಸ್ ಹಾಕಿದರೆ ‘ಕನ’, ‘ನಡ’ ಅಂತ ಎರಡು ಪದ ಬರುತ್ತವೆ. ಯೂನಿಕೋಡ್ ಲೆಕ್ಕದಲ್ಲಿ ಒತ್ತಕ್ಷರ ಮಾಡುವ ‘್’ ಗುರುತು (ವಿರಾಮ) ಅಕ್ಷರವಲ್ಲ, ಮಾರ್ಕ್. ಅದಕ್ಕೇ ಹೀಗೆ ಅಲ್ವಾ? ಕಾಗುಣಿತದ ಗುರುತುಗಳದ್ದೂ ಇದೇ ಕಥೆ.

ಹೊರಗಿನ ಪ್ಯಾಕೇಜ್ ಹಾಕದೆ ಕನ್ನಡ ಪದಗಳನ್ನು ಬಿಡಿಸುವ ಒಳ್ಳೆ ದಾರಿ ಯಾವುದು? ಯೂನಿಕೋಡ್‌ಡೇಟಾದಲ್ಲಿ (ಪೈಥಾನ್ ಜೊತೆ ಬರುವ ಮಾಡ್ಯೂಲ್) ಒಂದೊಂದೇ ಚಿಹ್ನೆಯ ಕ್ಯಾಟಗರಿ ನೋಡುವುದು ಸಾಕಾ? ಇನ್ನೊಂದು ತಲೆನೋವು: ನನ್ನ ಉಬುಂಟುನಲ್ಲಿ ಕನ್ನಡ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಜನರೇಟ್ ಮಾಡಿದ ಮೇಲೆ ಸೆಟ್‌ಲೊಕೇಲ್ ಓಡುತ್ತದೆ, ಟೆಸ್ಟ್ ಸರ್ವರ್‌ನಲ್ಲಿ ‘ಅನ್‌ಸಪೋರ್ಟೆಡ್’ ಎರರ್. ಅಲ್ಲಿ ನನಗೆ ರೂಟ್ (ಅಡ್ಮಿನ್ ಅನುಮತಿ) ಇಲ್ಲ, ಹಾಗಾಗಿ ಲೊಕೇಲ್ ಜನರೇಟ್ ಮಾಡಲು ಆಗುವುದಿಲ್ಲ. ಅಂಥ ಕಡೆ ಟೆಸ್ಟನ್ನು ಸ್ಕಿಪ್ ಮಾಡುತ್ತೀರಾ, ಫೇಲ್ ಆಗಲಿ ಅಂತ ಬಿಡುತ್ತೀರಾ?