ಅಪ್‌ಡೇಟ್: ಬಾರ್ ಮೂಲೆಗೆ ಫ್ರಿಜ್ ಬಂತು

ಚಿಕ್ಕಬಳ್ಳಾಪುರದ ನಮ್ಮ ಮನೆ ಮಹಡಿಯ ಬಾರ್ ಕೌಂಟರ್‌ಗೆ ಹೆಚ್ಚು ಸದ್ದಿಲ್ಲದ ಪೆಲ್ಟಿಯರ್ ಫ್ರಿಜ್ (ಕಂಪ್ರೆಸರ್ ಇಲ್ಲದೆ, ಕರೆಂಟ್ ಹರಿದರೆ ಒಂದು ಬದಿ ತಣ್ಣಗಾಗುವ ಬಿಲ್ಲೆಯಿಂದ ನಡೆಯುವಂಥದ್ದು) ತರಲಾ, ಕಂಪ್ರೆಸರ್ ಇರುವುದನ್ನು ತರಲಾ ಅಂತ ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಕಂಪ್ರೆಸರ್‌ನದೇ ತಂದೆ.

ನಿಮ್ಮಲ್ಲೊಬ್ಬರು ಹೇಳಿದ ಲೆಕ್ಕವೇ ತೀರ್ಮಾನ ಮಾಡಿಸಿತು. ಪೆಲ್ಟಿಯರ್ ಸಾಮಾನ್ಯವಾಗಿ ಸುತ್ತಲಿನ ಗಾಳಿಗಿಂತ 15ರಿಂದ 20 ಡಿಗ್ರಿ ಮಾತ್ರ ತಣ್ಣಗೆ ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಮಹಡಿ ರೂಮು 35 ದಾಟುತ್ತದೆ. ಅಂದರೆ ಒಳಗೆ 15 ಬಂದರೇ ಹೆಚ್ಚು. ರೆಡ್ ವೈನ್‌ಗೆ ಅದು ಸರಿ, ಬಿಯರ್‌ಗೆ 4–5 ಬೇಕು ಅಲ್ವಾ?

ಅಂಗಡಿಗೆ 650 ಎಂಎಲ್‌ನ ಖಾಲಿ ಬಿಯರ್ ಬಾಟಲಿ ಚೀಲಕ್ಕೆ ಹಾಕಿಕೊಂಡೇ ಹೋಗಿದ್ದೆ. ಸೇಲ್ಸ್ ಹುಡುಗ ನಕ್ಕ. ನಗಲಿ ಬಿಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ನಿಲ್ಲಲೇ ಇಲ್ಲ, ಕತ್ತು ಮೇಲಿನ ತಂತಿ ತಟ್ಟೆಗೆ ತಾಗುತ್ತಿತ್ತು. ಡಬ್ಬದ ಮೇಲೆ ಇಷ್ಟು ಕ್ಯಾನ್ ಹಿಡಿಸುತ್ತದೆ ಅಂತ ಬರೆದಿರುವುದು ಸಾಮಾನ್ಯವಾಗಿ 330 ಎಂಎಲ್ ಆಸುಪಾಸಿನ ಸಣ್ಣ ಕ್ಯಾನ್ ಲೆಕ್ಕ. ತಟ್ಟೆ ಎತ್ತಿ ಇಳಿಸಲು ಬರುವುದನ್ನೇ ಆರಿಸಿದೆ. ಬಾಗಿಲಿನ ಗಾಜು ಎರಡು ಪದರದ್ದು. ಒಂದೇ ಪದರವಾದರೆ ಮಳೆಗಾಲದಲ್ಲಿ ಹೊರಗೆಲ್ಲ ನೀರು ಕಟ್ಟಿ ನೆಲ ಒದ್ದೆ.

ಕೌಂಟರ್ ಕೆಳಗೆ ತೂರಿಸುವ ಆಸೆ ಬಿಟ್ಟೆ. ಇದು ಹಿಂದಿನಿಂದ ಬಿಸಿ ಬಿಡುವ ಮಾಡೆಲ್, ಮುಚ್ಚಿಟ್ಟರೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಮುಂದಿನಿಂದ ಬಿಡುವಂಥವು ಜಾಸ್ತಿ ದುಬಾರಿ. ಪಕ್ಕದ ಗೋಡೆಗೆ ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿದ್ದೇನೆ.

ಸದ್ದು? ಟಿವಿ ಹಾಕಿದರೆ ಕೇಳಿಸುವುದಿಲ್ಲ. ಕೆಳಗಿನ ತಟ್ಟೆಯನ್ನು ಆಗಲೇ ಮನೆಯವರು ಮಜ್ಜಿಗೆಗೆ ಹಿಡಿದುಕೊಂಡಿದ್ದಾರೆ. ಸ್ಟೆಬಿಲೈಸರ್ ಇನ್ನೂ ಬಂದಿಲ್ಲ. ನಮ್ಮ ಬೀದಿಯಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ, ಈ ವಾರ ತರಬೇಕು.